ತಕರಾರಿಲ್ಲದ ಜಮೀನು

1492ರ ಅಕ್ಟೋಬರ್ 12ರಂದು ಗ್ವಾನಹಾನಿ ಎಂಬ ದ್ವೀಪದ ಜನ ಸಮುದ್ರದ ದಂಡೆಯಲ್ಲಿ ಒಂದು ವಿಚಿತ್ರ ಪ್ರಸಂಗ ನೋಡಿದರು. ಆ ಸೆಕೆಯಲ್ಲೂ ಕೊರಳಿನಿಂದ ಕಾಲಿನ ತನಕ ಬಟ್ಟೆ ತೊಟ್ಟ ಕೆಲವರು ದೋಣಿಯಿಂದ ಇಳಿದರು. ಬಾವುಟಗಳನ್ನು ಬಿಚ್ಚಿದರು. ಒಬ್ಬ ಗಟ್ಟಿ ದನಿಯಲ್ಲಿ ಏನೋ ಹೇಳಿದ, ಇನ್ನೊಬ್ಬ ಅದನ್ನು ಬರೆದುಕೊಂಡ. ಹೇಳಿದವನು ಕೊಲಂಬಸ್. ಬರೆದುಕೊಂಡವನು ರೊಡ್ರಿಗೊ ದೆ ಎಸ್ಕೊಬೆದೊ. ಮೊದಲನೆಯವನ ಹೆಸರು ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಬಾಯಿಪಾಠ. ಎರಡನೆಯವನನ್ನು ಚರಿತ್ರೆಯೇ ಮರೆತುಬಿಟ್ಟಿದೆ. ಇದು ಶುದ್ಧ ಅನ್ಯಾಯ, ಏಕೆಂದರೆ ಅವತ್ತು ನಿಜವಾದ ಕೆಲಸ ಮಾಡಿದವನು ಅವನೇ. ಆತ ಹಡಗು ಪಡೆಯ ನೋಟರಿ.

ಆ ಕಾಲದ ಯುರೋಪಿನ ಸಮುದ್ರಯಾನವೆಂದರೆ ನಮ್ಮ ಕಣ್ಣಿಗೆ ಬರುವುದು ಬಿರುಗಾಳಿ, ಹರಿದ ಹಾಯಿ, ದಿಕ್ಸೂಚಿ, ದೂರದರ್ಶಕ ಹಿಡಿದು ನಿಂತ ಕಪ್ತಾನ. (ದೂರದರ್ಶಕ ಆಗಿನ್ನೂ ಹುಟ್ಟಿರಲಿಲ್ಲ. ಅದು ಚಿತ್ರ ಬರೆದವರ ಔದಾರ್ಯ.) ಹಡಗಿನೊಳಗಿದ್ದ ಅತ್ಯಂತ ಅಪಾಯಕಾರಿ ಆಯುಧವನ್ನು ಯಾವ ಚಿತ್ರಕಾರನೂ ಬಿಡಿಸಲಿಲ್ಲ. ಅದು ಮಸಿಕುಡಿಕೆ. ನೆಲವನ್ನು ನೋಡಿದವರು ಲಕ್ಷಾಂತರ ಮಂದಿ ಇದ್ದರು, ಅದರ ಮೇಲೆ ಹುಟ್ಟಿ, ಉತ್ತು, ಬಿತ್ತಿ, ಸತ್ತವರೂ ಇದ್ದರು. ಅವರು ಮಾಡದೆ ಬಿಟ್ಟ ಕೆಲಸ ಒಂದೇ: ಅದನ್ನು ಲಿಸ್ಬನ್ ಅಥವಾ ಸೆವಿಲ್ಲಾದ ಕಡತದಲ್ಲಿ ನಮೂದಿಸಲಿಲ್ಲ. ಈ ಲೋಪವನ್ನು ಸರಿಪಡಿಸಲು ಬಂದವರನ್ನೇ ನಾವು ಅನ್ವೇಷಕರು ಎನ್ನುತ್ತೇವೆ.

ಮರುವರ್ಷ ಕೊಲಂಬಸ್ ಬರೆದ ಪತ್ರದಲ್ಲಿ ಒಂದು ಮಾತಿದೆ. ದ್ವೀಪಗಳನ್ನೆಲ್ಲ ಸ್ಪೇನಿನ ದೊರೆಗಳ ಹೆಸರಿನಲ್ಲಿ ಸ್ವಾಧೀನಕ್ಕೆ ಪಡೆದೆ, ಯಾರೂ ತಕರಾರು ಮಾಡಲಿಲ್ಲ ಎಂದು. ತಾಲ್ಲೂಕು ಕಚೇರಿಗೆ ಅಲೆದು ಗೊತ್ತಿರುವ ಯಾವ ಕನ್ನಡಿಗನಿಗೂ ಈ ವಾಕ್ಯ ಓದಿದೊಡನೆ ಮೈ ಜುಮ್ಮೆನ್ನಬೇಕು. ಖಾತೆ ಬದಲಾಗುವ ಮುಂಚೆ ಚಾವಡಿಯ ಗೋಡೆಗೆ ನೋಟಿಸ್ ಅಂಟಿಸಿ, ತಕರಾರಿದ್ದವರು ಬನ್ನಿ ಎಂದು ಕರೆಯುವುದು ನಮ್ಮಲ್ಲೂ ಇದೆ. ನೋಟಿಸ್ ಓದಲು ಬಾರದವನ ಜಮೀನು ಎಲ್ಲಿಗೆ ಹೋಗುತ್ತದೆ ಎಂಬುದೂ ನಮಗೆ ಗೊತ್ತು. ಗ್ವಾನಹಾನಿಯ ಲುಕಾಯೊ ಜನರಿಗೆ ಸ್ಪೇನಿನ ಭಾಷೆ ಬಾರದು, ಬಂದವರಿಗೆ ಅವರ ಭಾಷೆ ಬಾರದು. ಆದ್ದರಿಂದ ತಕರಾರು ಬರಲಿಲ್ಲ. ದ್ವೀಪದ ಹೆಸರು ಅವತ್ತೇ ಸಾನ್ ಸಾಲ್ವದೋರ್ ಆಯಿತು.

ಎಸ್ಕೊಬೆದೊನ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಕೊಲಂಬಸ್‌ನ ಸಾಂತಾ ಮರಿಯಾ ಹಡಗು ಹಿಸ್ಪಾನಿಯೋಲಾ ದ್ವೀಪದ ದಂಡೆಗೆ ಬಡಿದು ಒಡೆಯಿತು. ಅಲ್ಲಿನ ನಾಯಕ ಗ್ವಾಕನಗಾರಿ ತನ್ನ ಜನರನ್ನು ಕಳಿಸಿ ಸಾಮಾನನ್ನೆಲ್ಲ ಜೋಪಾನವಾಗಿ ಇಳಿಸಿಕೊಟ್ಟ. ಒಡೆದ ಹಡಗಿನ ಹಲಗೆಗಳಿಂದ ಕೋಟೆಯೊಂದನ್ನು ಕಟ್ಟಿ 39 ಜನರನ್ನು ಅಲ್ಲೇ ಬಿಟ್ಟು ಕೊಲಂಬಸ್ ಊರಿಗೆ ಮರಳಿದ. ಅಲ್ಲಿ ಉಳಿದವರಲ್ಲಿ ನೋಟರಿಯೂ ಒಬ್ಬ. ಅವರು ಸುತ್ತಲಿನ ಹಳ್ಳಿಗಳಲ್ಲಿ ಚಿನ್ನಕ್ಕೂ ಹೆಂಗಸರಿಗೂ ಕೈಹಾಕುತ್ತ ಕಾಲ ಕಳೆದರು. 1493ರ ನವೆಂಬರಿನಲ್ಲಿ ಕೊಲಂಬಸ್ ತಿರುಗಿ ಬಂದಾಗ ಕೋಟೆ ಬೂದಿಯಾಗಿತ್ತು, ಒಬ್ಬನೂ ಬದುಕಿರಲಿಲ್ಲ. ತಕರಾರು ತುಸು ತಡವಾಗಿ ದಾಖಲಾಗಿತ್ತು, ಅಷ್ಟೇ.

ಆ ಯಾನದಲ್ಲಿ ದುಭಾಷಿಯೂ ಇದ್ದ. ಲೂಯಿಸ್ ದೆ ತೋರ್ರೆಸ್‌ಗೆ ಹೀಬ್ರೂ, ಅರಾಮಿಕ್, ಸ್ವಲ್ಪ ಅರಬ್ಬಿ ಬರುತ್ತಿತ್ತು. ಚೀನದ ಮಹಾಖಾನನ ಜೊತೆ ಮಾತಾಡಲು ಇವು ಸಾಕು ಎಂಬುದು ಲೆಕ್ಕಾಚಾರ. ಕ್ಯೂಬಾ ಮುಟ್ಟಿದಾಗ ಖಾನನ ಆಸ್ಥಾನ ಹುಡುಕಿಕೊಂಡು ಬಾ ಎಂದು ಇವನನ್ನು ಒಳನಾಡಿಗೆ ಕಳಿಸಿದರು. ಹೋದವರು ಕಂಡದ್ದು ಒಂದು ಹಳ್ಳಿ. ಹೊಗೆಸೊಪ್ಪು ಸುತ್ತಿ ಸೇದುವ ಜನರನ್ನೂ ದಾರಿಯಲ್ಲಿ ಕಂಡರು. ಖಾನ ಸಿಗಲಿಲ್ಲ, ತಂಬಾಕು ಸಿಕ್ಕಿತು. ಮುಂದೆ ತಂಬಾಕು ಕೊಂದಷ್ಟು ಜನರನ್ನು ಯಾವ ಖಾನನೂ ಕೊಲ್ಲಲಿಲ್ಲ. ಆ ಮಟ್ಟಿಗೆ ಯಾನ ಸಫಲ.

ನೆಲವನ್ನು ಮೊದಲು ನೋಡಿದವನಿಗೆ ವರ್ಷಕ್ಕೆ 10,000 ಮರವೇದಿ ಪಿಂಚಣಿ ಎಂದು ಸ್ಪೇನಿನ ರಾಣಿ ಘೋಷಿಸಿದ್ದಳು. ನೋಡಿ ಕೂಗಿದವನು ಪಿಂತಾ ಹಡಗಿನ ಒಬ್ಬ ನಾವಿಕ. ಅವನನ್ನು ರೊಡ್ರಿಗೊ ದೆ ತ್ರಿಯಾನಾ ಎಂದು ಕರೆಯುತ್ತಾರೆ. ಹಿಂದಿನ ರಾತ್ರಿಯೇ ನನಗೆ ದೂರದಲ್ಲಿ ದೀಪ ಕಂಡಿತ್ತು ಎಂದ ಕೊಲಂಬಸ್. ಪಿಂಚಣಿ ಕೊಲಂಬಸ್‌ಗೆ ಹೋಯಿತು. ದ್ವೀಪದವರನ್ನು ಬಿಡಿ, ತನ್ನದೇ ಹಡಗು ಪಡೆಯವನು ಕಂಡುಹಿಡಿದದ್ದನ್ನೂ ಕಪ್ತಾನ ಹೀಗೆ ಕಂಡುಹಿಡಿದ.

ಇದೇ 10,000 ಮರವೇದಿಯ ಮೊತ್ತ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. 1494ರ ಜೂನ್ 12. ಕ್ಯೂಬಾದ ದಕ್ಷಿಣ ಕರಾವಳಿಯನ್ನು ಅಳೆಯುತ್ತ ಹೋದ ಕೊಲಂಬಸ್‌ಗೆ ಅದು ದ್ವೀಪವೋ ಏಷ್ಯಾ ಖಂಡವೋ ಎಂಬುದು ಇತ್ಯರ್ಥವಾಗಲಿಲ್ಲ. ಹಡಗುಗಳು ಸೋರುತ್ತಿದ್ದವು, ಆಹಾರ ಮುಗಿಯುತ್ತಿತ್ತು. ಇನ್ನಷ್ಟು ದೂರ ಹೋಗಿ ನೋಡಿಬಿಡಬಹುದಿತ್ತು. ಅವನು ಅದಕ್ಕಿಂತ ಸುಲಭದ ದಾರಿ ಹಿಡಿದ. ನೋಟರಿಯನ್ನು ಕರೆದು ಪ್ರತಿಯೊಬ್ಬ ನಾವಿಕನಿಂದಲೂ ಪ್ರಮಾಣ ಮಾಡಿಸಿದ: ಇದು ದ್ವೀಪವಲ್ಲ, ಭೂಖಂಡ. ಮುಂದೆ ಯಾರಾದರೂ ಇದನ್ನು ಅಲ್ಲಗಳೆದರೆ 10,000 ಮರವೇದಿ ದಂಡ, ಜೊತೆಗೆ ನಾಲಗೆ ಕತ್ತರಿ. ದಂಡ ಕಟ್ಟಲು ಗತಿಯಿಲ್ಲದ ಹಡಗಿನ ಹುಡುಗರಾದರೆ ನೂರು ಚಾಟಿಯೇಟು, ನಾಲಗೆ ಅವರದೂ ಹೋಗುತ್ತಿತ್ತು. ಭೂಗೋಳವನ್ನು ಅಫಿಡವಿಟ್ಟಿನಿಂದ ತೀರ್ಮಾನಿಸಿದ ಮೊದಲ ವಿಜ್ಞಾನಿ ಬಹುಶಃ ಕೊಲಂಬಸ್. ಕ್ಯೂಬಾ ಮಾತ್ರ ಸಹಿ ಹಾಕಿರಲಿಲ್ಲ, ದ್ವೀಪವಾಗಿಯೇ ಉಳಿಯಿತು. 1506ರಲ್ಲಿ ವಯ್ಯಾದೊಲಿದ್‌ನಲ್ಲಿ ಸಾಯುವಾಗಲೂ ಅವನ ದೃಷ್ಟಿಯಲ್ಲಿ ತಾನು ಮುಟ್ಟಿದ್ದು ಏಷ್ಯಾ.

ಆ ಪ್ರಮಾಣಕ್ಕೆ ಐದು ದಿನ ಮುಂಚೆ, ಜೂನ್ 7ರಂದು, ಸ್ಪೇನಿನ ತೊರ್ದೆಸಿಯಾಸ್ ಎಂಬ ಊರಿನಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಬಿದ್ದಿತ್ತು. ಇದು ಪಾಲುಪಟ್ಟಿ. ಪಾಲಾದ ಆಸ್ತಿ: ಪ್ರಪಂಚ. ಇದಕ್ಕೆ ಮೂಲ ದಸ್ತಾವೇಜು 1493ರ ಒಂದು ದಾನಪತ್ರ. ಆರನೇ ಅಲೆಕ್ಸಾಂಡರ್ ಎಂಬ ಪೋಪ್, ಸ್ವತಃ ಸ್ಪೇನಿನವನು, ಅಟ್ಲಾಂಟಿಕ್ ಸಾಗರದಲ್ಲೊಂದು ಗೆರೆ ಎಳೆದು ಅದರಾಚೆ ಸಿಕ್ಕಿದ್ದನ್ನೂ ಸಿಗಲಿರುವುದನ್ನೂ ಸ್ಪೇನಿನ ದೊರೆಗಳಿಗೆ ದಾನ ಮಾಡಿದ್ದ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆ ನಮ್ಮಲ್ಲಿದೆ. ಆ ಅಳಿಯನಿಗೆ ಅತ್ತೆಯ ಪರಿಚಯವಾದರೂ ಇತ್ತು.

ದಾನಪತ್ರದ ಚಕ್ಕುಬಂದಿಯನ್ನು ಯಾವ ಸಬ್ ರಿಜಿಸ್ಟ್ರಾರನೂ ಒಪ್ಪಲಾರ. ಅಜೋರ್ಸ್ ಮತ್ತು ಕೇಪ್ ವರ್ಡೆ ದ್ವೀಪಗಳಲ್ಲಿ ಯಾವುದಾದರೂ ಒಂದರಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ನೂರು ಲೀಗ್ ಎಂದು ಅದರಲ್ಲಿದೆ. ಈ ಎರಡು ದ್ವೀಪಸಮೂಹಗಳು ಒಂದೇ ರೇಖಾಂಶದಲ್ಲಿಲ್ಲ. ಉತ್ತರದಿಂದ ದಕ್ಷಿಣಕ್ಕೆ ಎಳೆದ ಗೆರೆಗೆ ದಕ್ಷಿಣ ದಿಕ್ಕಿನ ದೂರ ಎಂದರೇನೆಂದು ಕೇಳಬಾರದು. ಪೋರ್ಚುಗಲ್ ತಕರಾರು ತೆಗೆದದ್ದರಿಂದ ತೊರ್ದೆಸಿಯಾಸ್‌ನಲ್ಲಿ ಗೆರೆಯನ್ನು ಕೇಪ್ ವರ್ಡೆಯಿಂದ 370 ಲೀಗ್ ಪಶ್ಚಿಮಕ್ಕೆ ಸರಿಸಿದರು. ಅಲ್ಲಿನ ಯಾವ ದ್ವೀಪದಿಂದ ಅಳೆಯಬೇಕು ಎಂದು ಬರೆಯಲಿಲ್ಲ. ಹತ್ತು ತಿಂಗಳೊಳಗೆ ಎರಡೂ ಕಡೆಯವರು ಹಡಗಿನಲ್ಲಿ ಹೋಗಿ ಸರ್ವೆ ಮಾಡಿ ಗಡಿ ಗುರುತಿಸತಕ್ಕದ್ದು ಎಂದು ಬರೆದರು, ಯಾರೂ ಹೋಗಲಿಲ್ಲ. ಸರ್ವೆ ಬಾಕಿ ಇರುವಾಗಲೇ ಕಬ್ಜಾ ಮಾಡುವ ವಿದ್ಯೆ ನಮ್ಮದು ಎಂದು ಬೀಗುವವರು ಇದನ್ನು ಗಮನಿಸಬೇಕು. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್, ಆದಮನ ಉಯಿಲು ತೋರಿಸಿ, ನನ್ನ ಪಾಲು ಎಲ್ಲಿ ತಪ್ಪಿಹೋಯಿತೋ ನೋಡೋಣ ಎಂದನಂತೆ. ಅವನ ಸಿಟ್ಟು ದರೋಡೆಯ ಮೇಲಲ್ಲ, ಪಾಲಿನ ಮೇಲೆ.

ಭೂಮಿ ದುಂಡಗಿರುವುದರಿಂದ ಒಂದು ಕಡೆ ಎಳೆದ ಗೆರೆ ಇನ್ನೊಂದು ಕಡೆಯಲ್ಲೂ ಹಾದುಹೋಗಬೇಕಲ್ಲ. ಲವಂಗದ ಮಲುಕು ದ್ವೀಪಗಳು ಯಾರ ಪಾಲಿಗೆ ಎಂಬ ವ್ಯಾಜ್ಯ ಹುಟ್ಟಿತು. 1524ರಲ್ಲಿ ಬದಾಹೋಸ್ ಮತ್ತು ಎಲ್ವಾಸ್ ಎಂಬ ಗಡಿ ಊರುಗಳಲ್ಲಿ ಎರಡೂ ದೇಶದ ಪಂಡಿತರು, ನಾವಿಕರು, ವಕೀಲರು ವಾರಗಟ್ಟಲೆ ಕೂತು ಭೂಗೋಳ ತಿರುಗಿಸಿದರು. ಆಗಿನದೊಂದು ಘಟನೆಯನ್ನು ಚರಿತ್ರೆಕಾರ ಗೋಮಾರಾ ಬರೆದಿಟ್ಟಿದ್ದಾನೆ. ನದಿ ದಂಡೆಯಲ್ಲಿ ಅಮ್ಮ ಒಗೆದ ಬಟ್ಟೆ ಕಾಯುತ್ತಿದ್ದ ಪೋರನೊಬ್ಬ ಪೋರ್ಚುಗೀಸ್ ಮಹನೀಯರನ್ನು ತಡೆದು, ಚಕ್ರವರ್ತಿಯ ಜೊತೆ ಪ್ರಪಂಚ ಹಂಚಿಕೊಳ್ಳುತ್ತಿರುವವರು ನೀವೇನಾ ಎಂದು ಕೇಳಿದ. ಹೌದೆಂದರು. ಹುಡುಗ ಹಿಂದೆ ತಿರುಗಿ ಅಂಗಿ ಎತ್ತಿ ತನ್ನ ಅಂಡು ತೋರಿಸಿ, ನಿಮ್ಮ ಗೆರೆಯನ್ನು ಇದರ ನಡುವೆ ಎಳೆಯಿರಿ ಎಂದನಂತೆ. ಆ ಇಡೀ ಸಮ್ಮೇಳನದಲ್ಲಿ ರೇಖಾಂಶವನ್ನು ನಿಖರವಾಗಿ ತೋರಿಸಿದವನು ಅವನೊಬ್ಬನೇ.

ಕೊನೆಗೆ 1529ರಲ್ಲಿ ಸಾರಗೋಸಾ ಒಪ್ಪಂದವಾಯಿತು. ಹಣದ ಮುಗ್ಗಟ್ಟಿನಲ್ಲಿದ್ದ ಚಕ್ರವರ್ತಿ ಐದನೇ ಚಾರ್ಲ್ಸ್ ಮಲುಕು ದ್ವೀಪಗಳ ಮೇಲಿನ ತನ್ನ ಹಕ್ಕನ್ನು 350,000 ಡ್ಯೂಕಟ್‌ಗಳಿಗೆ ಪೋರ್ಚುಗಲ್‌ಗೆ ಮಾರಿದ. ಹಣ ಹಿಂತಿರುಗಿಸಿದರೆ ಆಸ್ತಿ ವಾಪಸು ಎಂಬ ಷರತ್ತಿನ ಕ್ರಯ, ನಮ್ಮ ಭೋಗ್ಯದ ಹಾಗೆ. ಮುಂದೆ ಸರಿಯಾಗಿ ಅಳೆದಾಗ ತಿಳಿದದ್ದು, ಆ ದ್ವೀಪಗಳು ಮೊದಲಿನಿಂದಲೂ ಪೋರ್ಚುಗಲ್‌ನ ಅರ್ಧದಲ್ಲೇ ಇದ್ದವು. ಅಂದರೆ ಸ್ಪೇನ್ ತನ್ನದಲ್ಲದ್ದನ್ನು ಮಾರಿತ್ತು, ಪೋರ್ಚುಗಲ್ ತನ್ನದೇ ಅಂದುಕೊಂಡದ್ದನ್ನು ದುಡ್ಡು ಕೊಟ್ಟು ಕೊಂಡಿತ್ತು. ದ್ವೀಪಗಳನ್ನು ಆಳುತ್ತಿದ್ದ ತೆರ್ನಾತೆ ಮತ್ತು ತಿದೋರೆಯ ಸುಲ್ತಾನರನ್ನು ಸಾಕ್ಷಿ ಸಹಿಗೂ ಕರೆಯಲಿಲ್ಲ.

ಕಾಗದದ ಕಲೆ ತುತ್ತತುದಿ ಮುಟ್ಟಿದ್ದು 1513ರಲ್ಲಿ. ಸುಮ್ಮನೆ ನುಗ್ಗಿ ಕೊಲ್ಲುವುದು ಧರ್ಮಸಮ್ಮತವೇ ಎಂಬ ಅಳುಕು ಸ್ಪೇನಿನ ಆಸ್ಥಾನಕ್ಕೆ ಬಂದಿತ್ತು. ಅಳುಕು ಬಂದಾಗ ಕೊಲ್ಲುವುದನ್ನು ನಿಲ್ಲಿಸಬಹುದು, ಇಲ್ಲವೇ ವಕೀಲರನ್ನು ಕರೆಯಬಹುದು. ವಕೀಲರನ್ನು ಕರೆದರು. ಪಲಾಸಿಯೋಸ್ ರೂಬಿಯೋಸ್ ಎಂಬ ನ್ಯಾಯಪಂಡಿತ ರೆಕೆರಿಮಿಯೆಂತೊ ಎಂಬ ನೋಟಿಸ್ ತಯಾರಿಸಿಕೊಟ್ಟ. ಯಾವುದೇ ಊರಿನ ಮೇಲೆ ಬೀಳುವ ಮುಂಚೆ ಇದನ್ನು ಅಲ್ಲಿನವರಿಗೆ ಓದಿ ಹೇಳಬೇಕು. ಅದರಲ್ಲಿ ದೇವರು ಲೋಕವನ್ನು ಸೃಷ್ಟಿಸಿದ್ದು, ಸಂತ ಪೀಟರನಿಗೆ ಅಧಿಕಾರ ಬಂದದ್ದು, ಅದು ಪೋಪ್‌ಗೆ ಇಳಿದದ್ದು, ಪೋಪ್ ಈ ನೆಲವನ್ನು ಸ್ಪೇನಿನ ದೊರೆಗೆ ಕೊಟ್ಟದ್ದು ಕ್ರಮವಾಗಿ ಇದೆ. ಒಪ್ಪಿಕೊಂಡರೆ ಸರಿ. ಒಪ್ಪದಿದ್ದರೆ ಯುದ್ಧ, ಹೆಂಡಿರು ಮಕ್ಕಳು ಗುಲಾಮರು, ಆಗುವ ಸಾವುನೋವಿಗೆಲ್ಲ ನೀವೇ ಹೊಣೆ, ನಮ್ಮ ದೊರೆಯಲ್ಲ. ಓದಿ ಆಯಿತು ಎಂದು ಜೊತೆಯಲ್ಲಿರುವ ನೋಟರಿ ಸಹಿ ಹಾಕಿಕೊಡಬೇಕು.

ಓದಿದ್ದು ಸ್ಪ್ಯಾನಿಷ್‌ನಲ್ಲಿ. ಜನ ಓಡಿಹೋದ ಖಾಲಿ ಊರುಗಳಲ್ಲಿ ಗುಡಿಸಲುಗಳಿಗೆ ಓದಿದರು, ಮರಗಳಿಗೆ ಓದಿದರು. ದೂರದ ಹಡಗಿನ ಮೇಲೆ ನಿಂತು ದಂಡೆಯ ಕಡೆಗೆ ಓದಿದರು. ಮರಗಳಿಂದ ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದಾಗ ಕಾರ್ಯಾಚರಣೆ ಶುರು. ಪಾದ್ರಿ ಲಾಸ್ ಕಾಸಾಸ್ ಇದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು ಎಂದು ಬರೆದ. ವ್ಯಂಗ್ಯ ಬರೆಯುವವನ ಕಷ್ಟವೂ ಅದೇ. ಸರ್ಕಾರಿ ಕಡತವೇ ಇಷ್ಟು ಚೆನ್ನಾಗಿ ಬರೆದಿಟ್ಟಿರುವಾಗ ನಾವು ಸೇರಿಸುವುದಕ್ಕೆ ಏನು ಉಳಿಯುತ್ತದೆ?

ಒಂದು ಕಡೆ ಉತ್ತರವೂ ಬಂತು. ಇಂದಿನ ಕೊಲಂಬಿಯಾದ ಸೆನು ಪ್ರದೇಶದಲ್ಲಿ ಮಾರ್ತಿನ್ ಫೆರ್ನಾಂದೆಸ್ ದೆ ಎನ್ಸಿಸೊ ಎಂಬವನು ಅಲ್ಲಿನ ನಾಯಕರಿಗೆ ನೋಟಿಸಿನ ಅರ್ಥ ತಿಳಿಯುವಂತೆ ಮಾಡಿದ. ಅವರು ಕೇಳಿಸಿಕೊಂಡು, ದೇವರು ಒಬ್ಬನೇ ಎಂಬುದು ಸರಿ ಎಂದರು. ತನ್ನದಲ್ಲದ್ದನ್ನು ಹಂಚಿದ ಪೋಪ್ ಆಗ ಕುಡಿದಿರಬೇಕು, ಬೇರೆಯವರದನ್ನು ಕೇಳಿ ಪಡೆದ ನಿಮ್ಮ ದೊರೆಗೆ ಹುಚ್ಚಿರಬೇಕು ಎಂದೂ ಹೇಳಿದರು. ದೊರೆ ಇಲ್ಲಿಗೆ ಬಂದರೆ ತಲೆ ಕಡಿದು ಕಂಬಕ್ಕೆ ಸಿಕ್ಕಿಸುತ್ತೇವೆ ಎಂಬುದನ್ನೂ ಸೇರಿಸಿದರು. ಇದನ್ನು ಎನ್ಸಿಸೊ 1519ರ ತನ್ನ ಭೂಗೋಳದ ಪುಸ್ತಕದಲ್ಲಿ ತಾನೇ ದಾಖಲಿಸಿದ್ದಾನೆ. ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಆ ಶತಮಾನದಲ್ಲಿ ಬಂದ ಅಭಿಪ್ರಾಯಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಎನ್ಸಿಸೊ ಆ ಊರನ್ನು ಹಿಡಿದುಕೊಂಡ. 1573ರಲ್ಲಿ ಸ್ಪೇನಿನ ಎರಡನೇ ಫಿಲಿಪ್ ಇನ್ನು ಮುಂದೆ ಯಾವ ಕಡತದಲ್ಲೂ ವಿಜಯ ಎಂದು ಬರೆಯಕೂಡದು, ಶಾಂತಿಸ್ಥಾಪನೆ ಎಂದು ಬರೆಯತಕ್ಕದ್ದು ಎಂದು ಆಜ್ಞೆ ಹೊರಡಿಸಿದ. ಅದರ ನಂತರದ ಪ್ರಗತಿ ನಿಮಗೆ ದಿನಪತ್ರಿಕೆಗಳಲ್ಲಿ ಸಿಗುತ್ತದೆ.

ಈಗ ನಮ್ಮ ಕಡೆಗೆ. ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು? ಒಂದು ಅಂಕದ ಪ್ರಶ್ನೆ. 1498ರ ಮೇ 20ರಂದು ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ಆ ಹೊತ್ತಿಗೆ ಅಲ್ಲಿ ಅರಬರು, ಪಾರಸಿಕರು, ಗುಜರಾತಿಗಳು ಯಾರು ಯಾರೋ ಶತಮಾನಗಳಿಂದ ವ್ಯಾಪಾರ ಮಾಡಿಕೊಂಡಿದ್ದರು. ಇಬ್ನ್ ಬತೂತ ಬಂದುಹೋಗಿ ನೂರೈವತ್ತು ವರ್ಷ ಆಗಿತ್ತು. ಚೀನದ ಝೆಂಗ್ ಹೆ 1405ರಿಂದ 1433ರವರೆಗೆ ಏಳು ಯಾನ ಮಾಡಿದ, ಮೊದಲ ಯಾನದಲ್ಲೇ ಇಪ್ಪತ್ತೇಳು ಸಾವಿರ ಜನರೊಂದಿಗೆ ಕಲ್ಲಿಕೋಟೆಗೆ ಬಂದಿದ್ದ. ಗಾಮನ ಇಡೀ ಪಡೆ ನೂರೆಪ್ಪತ್ತು ಚಿಲ್ಲರೆ. (ಝೆಂಗ್ ಹೆ ಸಾಧುವೇನಲ್ಲ, ಸಿಂಹಳದ ಅರಸನೊಬ್ಬನನ್ನು ಹಿಡಿದುಕೊಂಡೇ ಹೋದ. ಆದರೆ ಭಾರತವನ್ನು ತಾನು ಕಂಡುಹಿಡಿದೆ ಎಂದು ಚೀನದಲ್ಲಿ ಹೇಳಿಕೊಳ್ಳಲಿಲ್ಲ.) ಹೆರಾತಿನ ದೊರೆಯ ರಾಯಭಾರಿ ಅಬ್ದುರ್ ರಝಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರ ನೋಡಿ ಬೆರಗಾದದ್ದು 1443ರಲ್ಲಿ. ಅವನು ಸುಮ್ಮನೆ ಬೆರಗಾಗಿ ಊರಿಗೆ ಹೋದ, ಆದ್ದರಿಂದ ಪಠ್ಯದಲ್ಲಿ ಅವನಿಗೆ ಅರ್ಧ ಅಂಕವೂ ಇಲ್ಲ.

ಪೋರ್ಚುಗೀಸರ ಪೈಕಿಯೂ ಗಾಮ ಮೊದಲಿಗನಲ್ಲ. ದೊರೆ ಎರಡನೇ ಜೊವಾವ್ 1487ರಲ್ಲಿ ಕಳಿಸಿದ ಗೂಢಚಾರ ಪೆರು ದ ಕೊವಿಲ್ಯಾ, ಕೆಂಪು ಸಮುದ್ರದ ದಾರಿಯಲ್ಲಿ ವ್ಯಾಪಾರಿಗಳ ಹಡಗು ಹತ್ತಿ ಗಾಮನಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ ಕಣ್ಣೂರು, ಕಲ್ಲಿಕೋಟೆ, ಗೋವಾ ಸುತ್ತಿದ್ದ. ಗೂಢಚಾರನ ದುರದೃಷ್ಟ ನೋಡಿ: ಕೆಲಸ ಸರಿಯಾಗಿ ಮಾಡಿದರೆ ಹೆಸರು ಬರುವುದಿಲ್ಲ. ಆಫ್ರಿಕಾದ ತುದಿಯನ್ನು 1488ರಲ್ಲಿ ಸುತ್ತಿದ ಬಾರ್ತೊಲೊಮೆವ್ ದಿಯಾಸ್ ಅದನ್ನು ಬಿರುಗಾಳಿಗಳ ಭೂಶಿರ ಎಂದು ಕರೆದನಂತೆ. ಹೂಡಿಕೆದಾರರು ಹೆದರಿಯಾರು ಎಂದೋ ಏನೋ ದೊರೆ ಅದನ್ನು ಶುಭಾಶಾ ಭೂಶಿರ ಎಂದು ಬದಲಾಯಿಸಿದ. 1500ರಲ್ಲಿ ಅದೇ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ದಿಯಾಸ್ ಹಡಗಿನ ಸಮೇತ ಮುಳುಗಿದ. ಹೆಸರು ಹಾಗೇ ಇದೆ.

ಗಾಮನಿಗೆ ಅರಬ್ಬಿ ಸಮುದ್ರ ದಾಟಿಸಿದವನು ಪೂರ್ವ ಆಫ್ರಿಕಾದ ಮಾಲಿಂದಿಯ ಸುಲ್ತಾನ ಕೊಟ್ಟ ಚಾಲಕ. ಮುಂಗಾರಿನ ಗಾಳಿಯ ಮರ್ಮ ಅವನಿಗೆ ಗೊತ್ತಿತ್ತು. 23 ದಿನಗಳಲ್ಲಿ ಮಲಬಾರಿನ ಬೆಟ್ಟಗಳು ಕಂಡವು. ಹಿಂತಿರುಗುವಾಗ ಗಾಮ ಗಾಳಿಯ ಋತುವನ್ನು ಕಾಯದೆ ತನ್ನ ಬುದ್ಧಿಯಿಂದಲೇ ಹೊರಟ. ಅದೇ ಸಮುದ್ರ ದಾಟಲು ಮೂರು ತಿಂಗಳಿಗೆ ಮೂರೇ ದಿನ ಕಡಿಮೆ ಹಿಡಿಯಿತು. ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ 30 ಜನ ಆ ದಾರಿಯಲ್ಲೇ ಸತ್ತರು. ಹಡಗು ನಡೆಸಲು ಆಳಿಲ್ಲದೆ ಸಾವ್ ರಫಾಯೆಲ್ ಹಡಗನ್ನು ಸುಟ್ಟುಹಾಕಬೇಕಾಯಿತು. ಜಲಮಾರ್ಗ ಕಂಡುಹಿಡಿದವನು ಯಾರು ಎಂಬ ಪ್ರಶ್ನೆಗೆ ಹೋಗುವಾಗಿನ, ಬರುವಾಗಿನ ದಿನಗಳ ಈ ಎರಡು ಅಂಕಿಗಳೇ ಉತ್ತರ.

ಕಲ್ಲಿಕೋಟೆಯಲ್ಲಿ ನೆಲಕ್ಕೆ ಕಾಲಿಟ್ಟ ಮೊದಲಿಗನೂ ಗಾಮ ಅಲ್ಲ. ಸತ್ತರೆ ನಷ್ಟವಿಲ್ಲ ಎಂದು ಶಿಕ್ಷೆಗೊಳಗಾದ ಕೆಲವು ಕೈದಿಗಳನ್ನು ಹಡಗಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಅವರಲ್ಲೊಬ್ಬನನ್ನು ಮುಂದೆ ಕಳಿಸಿದರು. ಊರಿನವರು ಅವನನ್ನು ಟ್ಯುನಿಸ್ ಕಡೆಯ ಇಬ್ಬರು ವರ್ತಕರ ಮನೆಗೆ ಕರೆದೊಯ್ದರು. ಆ ವರ್ತಕರಿಗೆ ಸ್ಪೇನಿನ ಭಾಷೆ ಬರುತ್ತಿತ್ತು, ಇಟಲಿಯ ಜಿನೋವಾದ ಮಾತೂ ಬರುತ್ತಿತ್ತು. ಸಾವಿರಾರು ಮೈಲಿ ಸಾಗರ ದಾಟಿ, ಯಾರೂ ಕಾಣದ ನಾಡಿಗೆ ಬಂದೆ ಅಂದುಕೊಂಡವನಿಗೆ ಸಿಕ್ಕ ಮೊದಲ ಸ್ವಾಗತ ತನ್ನ ನೆರೆಯೂರಿನ ಭಾಷೆಯ ಬೈಗುಳ: ದೆವ್ವ ನಿನ್ನನ್ನು ಹೊತ್ತೊಯ್ಯಲಿ, ಇಲ್ಲಿಗೇಕೆ ಬಂದೆ? ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂದ ಈತ. ಕ್ರೈಸ್ತರನ್ನು ಹುಡುಕುವುದು ಕಷ್ಟವಾಗಲಿಲ್ಲ. ಮುಸಲ್ಮಾನರಲ್ಲದವರೆಲ್ಲ ಕ್ರೈಸ್ತರು ಎಂದು ತೀರ್ಮಾನಿಸಿದರೆ ಸಾಕು. ದಾರಿಯಲ್ಲಿ ಸಿಕ್ಕ ದೇವಿಯ ಗುಡಿಯನ್ನು ಚರ್ಚ್ ಎಂದುಕೊಂಡು ಗಾಮ ಮಂಡಿಯೂರಿ ಪ್ರಾರ್ಥಿಸಿದ. ಗೋಡೆಯ ಚಿತ್ರಗಳ ಸಂತರಿಗೆ ನಾಲ್ಕೈದು ಕೈಗಳೂ ಕೋರೆಹಲ್ಲುಗಳೂ ಇದ್ದದ್ದು ಅನುಮಾನ ತರಿಸಿತಾದರೂ ಪ್ರಾರ್ಥನೆಯನ್ನು ಪೂರ್ತಿ ಮಾಡಿದರು.

ಇನ್ನು ಸಾಮೂದಿರಿ ದೊರೆಗೆ ತಂದ ಕಾಣಿಕೆ. ಹನ್ನೆರಡು ತುಂಡು ಪಟ್ಟೆಬಟ್ಟೆ, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ನಾಲ್ಕು ಸರ ಹವಳ, ಕೈತೊಳೆಯುವ ಆರು ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡೆರಡು ಪೀಪಾಯಿ ಎಣ್ಣೆ ಮತ್ತು ಜೇನು. ದೊರೆಯ ಅಧಿಕಾರಿಗಳು ಇದನ್ನು ನೋಡಿ ನಕ್ಕರು. ಮೆಕ್ಕಾದಿಂದ ಬರುವ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ಚಿನ್ನ ಇದ್ದರೆ ತೆಗೆ ಎಂದರು. ಸಕ್ಕರೆಯನ್ನು ಭಾರತಕ್ಕೆ ಕಾಣಿಕೆ ತಂದವನ ಭೂಗೋಳ ಜ್ಞಾನದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಹೊರಡುವಾಗ ಬಂದರಿನ ಪದ್ಧತಿಯಂತೆ 600 ಷರಾಫಿ ಸುಂಕ ಕಟ್ಟಿ ಎಂದು ದೊರೆ ಹೇಳಿಕಳಿಸಿದ. ಇಲ್ಲಿಯೂ ಕಚೇರಿ ಇದೆ, ಗುಮಾಸ್ತರಿದ್ದಾರೆ, ರಶೀದಿ ಇದೆ ಎಂಬುದು ಗಾಮನಿಗೆ ಹೊಸ ಅನ್ವೇಷಣೆ. ಅವನು ಸುಂಕ ಕಟ್ಟಲಿಲ್ಲ. ಹಡಗಿಗೆ ಬಂದಿದ್ದ ಊರಿನವರನ್ನು ಒತ್ತೆಯಿಟ್ಟುಕೊಂಡ, ಕೆಲವರನ್ನು ಹಡಗಿನಲ್ಲೇ ಹೊತ್ತುಕೊಂಡು ಹೋದ. ಸಾಮೂದಿರಿಯಾದರೋ ಓಲೆಗರಿಯ ಮೇಲೆ ಕಂಟದಿಂದ ಪೋರ್ಚುಗಲ್ ದೊರೆಗೆ ಸಭ್ಯವಾದ ಪತ್ರ ಬರೆಸಿಕೊಟ್ಟಿದ್ದ: ನಮ್ಮಲ್ಲಿ ದಾಲ್ಚಿನ್ನಿ, ಲವಂಗ, ಶುಂಠಿ, ಕಾಳುಮೆಣಸು ಇದೆ, ಬದಲಿಗೆ ಚಿನ್ನ, ಬೆಳ್ಳಿ, ಹವಳ, ಕೆಂಪು ಬಟ್ಟೆ ಕಳಿಸಿ ಎಂದು. ವ್ಯಾಪಾರಕ್ಕೆ ಬಂದವರು ಎಂದು ಪಾಪ ಅವನು ನಂಬಿದ್ದ.

ಅಲ್ಲಿಂದ ಉತ್ತರಕ್ಕೆ ಹೊರಟ ಗಾಮ 1498ರ ಸೆಪ್ಟೆಂಬರಿನಲ್ಲಿ ನಮ್ಮ ಕರಾವಳಿಗೂ ದಯಮಾಡಿಸಿದ. ಪೋರ್ಚುಗಲ್ ದೊರೆ ಕೊಟ್ಟ ಕಲ್ಲಿನ ಸ್ತಂಭಗಳಲ್ಲಿ ಒಂದು ಉಳಿದಿತ್ತು. ನೆಟ್ಟ ಕಡೆಯೆಲ್ಲ ಪೋರ್ಚುಗಲ್‌ನ ಹಕ್ಕು ಎಂದು ಸಾರುವ ಬಾಂದುಕಲ್ಲು ಅದು. ಅದನ್ನು ಒಂದು ದ್ವೀಪದಲ್ಲಿ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟ. ಅದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವೇ ಎಂದು ಹೇಳುತ್ತಾರೆ. ಅಲ್ಲಿಗೆ ಹೋದವರಿಗೆ ಗೊತ್ತು: ಲಾವಾ ತಣಿದು ಮೂಡಿದ ಬಹುಭುಜದ ಕಲ್ಲುಕಂಬಗಳು ಸಾಲುಸಾಲಾಗಿ, ರಾಶಿರಾಶಿಯಾಗಿ ಕೋಟ್ಯಂತರ ವರ್ಷಗಳಿಂದ ನಿಂತಿವೆ. ಕಲ್ಲುಕಂಬಗಳ ದ್ವೀಪಕ್ಕೆ ಹೋಗಿ ಒಂದು ಕಲ್ಲುಕಂಬ ನೆಟ್ಟು, ಇದು ನಮ್ಮದು ಎಂದ ಮನುಷ್ಯನಿಗೆ ಪ್ರಕೃತಿ ಇದಕ್ಕಿಂತ ಚೆನ್ನಾಗಿ ನಗಲಾರದು. ಅವನ ಕಂಬ ಈಗಿಲ್ಲ. ಹೆಸರು ಮಾತ್ರ ಗಟ್ಟಿಯಾಗಿ ಕೂತಿದೆ. ತೋನ್ಸೆಪಾರ್ ಎಂಬ ಊರಿನವರ ಹೆಸರು ಎಷ್ಟು ಪ್ರವಾಸಿಗರಿಗೆ ಗೊತ್ತು?

ಹೊರಗಿನವರಿಗೆ ಈ ಕರಾವಳಿ ಆಗ ಹೊಸತೇನೂ ಆಗಿರಲಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಸುಮಾರು ಎರಡನೇ ಶತಮಾನದ ಗ್ರೀಕ್ ಪ್ರಹಸನವೊಂದು ಭಾರತದ ಕರಾವಳಿಯಲ್ಲಿ ನಡೆಯುತ್ತದೆ. ಅದರಲ್ಲಿ ಇಲ್ಲಿನವರು ಆಡುವ ಮಾತು ಕನ್ನಡ ಎಂದು ಹುಲ್ಟ್ಜ್, ಶಾಮಶಾಸ್ತ್ರಿ, ಗೋವಿಂದ ಪೈ ವಾದಿಸಿದರು, ಒಪ್ಪದವರೂ ಇದ್ದಾರೆ. ಅದು ಕನ್ನಡವೇ ಆಗಿರಲಿ, ಬಿಡಲಿ, ಗಾಮನಿಗಿಂತ ಸಾವಿರದ ಮುನ್ನೂರು ವರ್ಷ ಮುಂಚೆ ನೈಲ್ ದಂಡೆಯ ಪ್ರೇಕ್ಷಕರು ಈ ಕರಾವಳಿಯ ಹೆಸರಿನಲ್ಲಿ ನಕ್ಕಿದ್ದಂತೂ ಹೌದು.

ಮತ್ತೆ ಗಾಮನ ಕಡೆಗೆ. ಕಾರವಾರದ ಬಳಿಯ ಅಂಜದೀವದಲ್ಲಿ ಹಡಗು ರಿಪೇರಿ ಮಾಡಿ, ನೀರು ತುಂಬಿಕೊಂಡು, ಗೋವಾ ಕಡೆಯಿಂದ ಮಾತಾಡಿಸಲು ಬಂದ ಯಹೂದಿಯೊಬ್ಬನನ್ನು ಹೊಡೆದು ಬಡಿದು ಬಾಯಿಬಿಡಿಸಿ, ಗಾಮ ಅವನನ್ನೂ ಕರೆದುಕೊಂಡು ಹೋದ. ಅವನಿಗೆ ದೀಕ್ಷೆ ಕೊಟ್ಟು ಗಾಸ್ಪರ್ ದ ಗಾಮ ಎಂದು ಗಾಮನ ಮನೆತನದ ಹೆಸರನ್ನೇ ಇಟ್ಟರು. ಮುಂದಿನ ಯಾನಕ್ಕೆ ದುಭಾಷಿ ಮಾರ್ಗದರ್ಶಿ ಅವನೇ. 1510ರಲ್ಲಿ ಗೋವಾ ಹಿಡಿಯಲು ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ಗೆ ಸಮಯ, ದಾರಿ, ದೋಣಿ ಎಲ್ಲ ಹೊಂದಿಸಿದವನು ಹೊನ್ನಾವರದ ತಿಮ್ಮಯ್ಯ, ಅವರ ಬಾಯಲ್ಲಿ ತಿಮೋಜ. ದಾರಿ ತೋರಿಸುವ ಕೆಲಸ ಯಾವಾಗಲೂ ಇಲ್ಲಿನವರದು. ದಾರಿ ತಪ್ಪಿದವರದು ಇತಿಹಾಸ.

ಗಾಮ ಹೊರಟಾಗಿದ್ದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಮಾತ್ರ 1499ರಲ್ಲಿ ಲಿಸ್ಬನ್ ತಲುಪಿದರು. ದೊರೆ ಮನುಯೆಲ್ ತಕ್ಷಣ ಹೊಸ ಬಿರುದು ಧರಿಸಿದ: ಇಥಿಯೋಪಿಯಾ, ಅರೇಬಿಯಾ, ಪರ್ಷಿಯಾ, ಭಾರತಗಳ ವಿಜಯ, ನೌಕಾಯಾನ ಮತ್ತು ವ್ಯಾಪಾರದ ಒಡೆಯ. ಆ ಹೊತ್ತಿಗೆ ಅವನಿಗೆ ಭಾರತದಲ್ಲಿದ್ದ ಆಸ್ತಿ ಒಂದೆರಡು ಕಲ್ಲುಕಂಬ ಮತ್ತು ಬಾಕಿ ಸುಂಕ. ಬಿರುದನ್ನು ನಿಜ ಮಾಡಲು 1502ರಲ್ಲಿ ಗಾಮ ಮತ್ತೆ ಬಂದ. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಮಲಬಾರಿನ ಎದುರು ಹಿಡಿದು, ಸರಕು ಇಳಿಸಿಕೊಂಡು, ನೂರಾರು ಗಂಡಸರು ಹೆಂಗಸರ ಸಮೇತ ಸುಟ್ಟ. ಹೆಂಗಸರು ಮಕ್ಕಳನ್ನು ಎತ್ತಿ ಹಿಡಿದು ತೋರಿಸಿದರು ಎಂದು ಅವನ ಕಡೆಯವರೇ ಬರೆದಿದ್ದಾರೆ. ಇಲ್ಲಿ ನನಗೆ ಹಾಸ್ಯ ಹೊಳೆಯುವುದಿಲ್ಲ.

ಆಮೇಲೆ ಬಂದದ್ದು ಕರ್ತಾಜ್. ಪೋರ್ಚುಗೀಸರ ಸಹಿಯಿರುವ ರಹದಾರಿ ಇಲ್ಲದೆ ಯಾವ ಹಡಗೂ ಈ ಸಮುದ್ರದಲ್ಲಿ ಓಡಾಡಕೂಡದು, ಓಡಾಡಿದರೆ ಸರಕು ಜಪ್ತಿ. ಅಜ್ಜನ ಕಾಲದಿಂದ ಓಡಾಡಿದ ನೀರಿನಲ್ಲಿ ಓಡಾಡಲು ನಮ್ಮ ಕರಾವಳಿಯ ಅರಸರೂ ಪರವಾನಗಿ ಕೇಳಬೇಕಾಯಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಎಂದು ಕರೆದರು. ಮೆಣಸು ಅವಳದು, ಸಮುದ್ರ ಮಾತ್ರ ಅವರದು.

ಮತ್ತೆ ಕಾಗದಗಳ ಕಡೆಗೆ. 1500ರ ಏಪ್ರಿಲ್ 22ರಂದು ಪೋರ್ಚುಗೀಸ್ ಕಪ್ತಾನ ಕಬ್ರಾಲ್‌ನ ಪಡೆಗೆ ಭಾರತದ ದಾರಿಯಲ್ಲಿ ಬ್ರೆಜಿಲ್ ಕಂಡಿತು. ಅದನ್ನು ದೊರೆಗೆ ವರದಿ ಮಾಡಿದವನು ಪೆರು ವಾಸ್ ದ ಕಮಿನ್ಯಾ. ಮೇ 1ರ ತಾರೀಕಿನ ಆ ಪತ್ರವನ್ನು ಬ್ರೆಜಿಲ್‌ನ ಜನನ ಪ್ರಮಾಣಪತ್ರ ಎಂದು ಕರೆಯುವುದುಂಟು. ಒಳ್ಳೆಯ ಬರಹಗಾರ, ನೋಡುವ ಕಣ್ಣಿತ್ತು: ಅಲ್ಲಿನವರು ಗಿಳಿಗೆ ಹೆದರಲಿಲ್ಲ, ಕೋಳಿ ತೋರಿಸಿದರೆ ಹಿಂಜರಿದರು ಎಂಬುದನ್ನೂ ಬಿಡಲಿಲ್ಲ. ಒಂದು ಭೂಖಂಡದ ಸುದ್ದಿಯನ್ನೆಲ್ಲ ಬರೆದು ಕೊನೆಗೆ ಒಂದು ಅರಿಕೆ ಸೇರಿಸಿದ: ಸಾವ್ ತೊಮೆ ದ್ವೀಪದಲ್ಲಿರುವ ನನ್ನ ಅಳಿಯ ಜಾರ್ಜ್ ದ ಒಸೊರಿಯೊನನ್ನು ದಯವಿಟ್ಟು ವಾಪಸು ಕರೆಸಿಕೊಳ್ಳಿ. ಒಂದು ದೇಶ ಕೊಟ್ಟು ಒಬ್ಬ ಅಳಿಯನನ್ನು ಕೇಳಿದ. ಶಿಫಾರಸು ಪತ್ರಗಳ ಪರಂಪರೆಯಲ್ಲಿ ಇಷ್ಟು ದೊಡ್ಡ ಲಗತ್ತು ಇಟ್ಟವರು ಬೇರೆ ಯಾರೂ ಇಲ್ಲ. ದಂಡೆಯಲ್ಲಿ ಇಬ್ಬರು ಕೈದಿಗಳನ್ನು ಬಿಟ್ಟು ಪಡೆ ಮುಂದೆ ಹೋಯಿತು. ಅವರು ಅಳುತ್ತಿದ್ದರು, ದ್ವೀಪವೆಂದು ತಿಳಿದಿದ್ದ ಆ ನೆಲದ ಜನ ಅವರನ್ನು ಸಮಾಧಾನ ಮಾಡುತ್ತಿದ್ದರಂತೆ. ಕಮಿನ್ಯಾ ಅದೇ ವರ್ಷ ಕಲ್ಲಿಕೋಟೆಯ ಗಲಭೆಯಲ್ಲಿ ಸತ್ತ.

ಪಹಣಿಯಲ್ಲಿ ಒಮ್ಮೆ ಹೆಸರು ತಪ್ಪಾಗಿ ಬಿದ್ದರೆ ತಿದ್ದಿಸುವುದು ಎಷ್ಟು ಕಷ್ಟ ಎಂಬುದಕ್ಕೂ ಈ ಯಾನಗಳಲ್ಲಿ ಸಾಕ್ಷಿ ಇದೆ. 1507ರಲ್ಲಿ ವಾಲ್ಡ್‌ಸೀಮ್ಯುಲರ್ ಎಂಬ ನಕ್ಷೆಗಾರ ಹೊಸ ಭೂಖಂಡಕ್ಕೆ ನಾವಿಕ ಅಮೆರಿಗೊ ವೆಸ್ಪುಚ್ಚಿಯ ಹೆಸರಿನಿಂದ ಅಮೆರಿಕ ಎಂದು ಬರೆದ. 1513ರ ನಕ್ಷೆಯಲ್ಲಿ ಆ ಹೆಸರು ತೆಗೆದು, ಅಪರಿಚಿತ ಭೂಮಿ ಎಂದು ನಮೂದಿಸಿ, ಕೊಲಂಬಸ್‌ಗೆ ಮನ್ನಣೆ ಕೊಟ್ಟರು. ಯಾರೂ ತಿದ್ದುಪಡಿ ಗಮನಿಸಲಿಲ್ಲ. ಉಳಿದಿರುವ 1507ರ ಏಕೈಕ ಪ್ರತಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2003ರಲ್ಲಿ ಒಂದು ಕೋಟಿ ಡಾಲರ್ ಕೊಟ್ಟು ಕೊಂಡಿತು.

ಇದೆಲ್ಲ ಹಳೆಯ ಕತೆ, ಈಗ ಯಾಕೆ ಎನ್ನುವವರು ಇರುತ್ತಾರೆ. ಮೂಲ ದಸ್ತಾವೇಜುಗಳಿಗೆ ವಯಸ್ಸಾಗುವುದಿಲ್ಲ ಸ್ವಾಮಿ. 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಾನ್ಸನ್ ಮತ್ತು ಮೆಕಿಂಟಾಷ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ನೆಲವನ್ನು ಕಂಡುಹಿಡಿದ ಯುರೋಪಿನ ದೇಶಕ್ಕೇ ಅದರ ಒಡೆತನ, ಅಲ್ಲಿನ ಮೂಲನಿವಾಸಿಗಳಿಗೆ ಇರುವುದು ವಾಸದ ಹಕ್ಕು ಮಾತ್ರ. ಅಂದರೆ ಅವರು ತಮ್ಮದೇ ನೆಲದಲ್ಲಿ ಬಾಡಿಗೆದಾರರು. 2005ರಲ್ಲಿ ಒನೈಡಾ ಬುಡಕಟ್ಟಿನವರ ಭೂವ್ಯಾಜ್ಯದಲ್ಲೂ ಅದೇ ನ್ಯಾಯಾಲಯ ಈ ಅನ್ವೇಷಣಾ ಸಿದ್ಧಾಂತವನ್ನು ಅಡಿಟಿಪ್ಪಣಿಯಲ್ಲಿ ನೆನೆಯಿತು, ಬುಡಕಟ್ಟು ಸೋತಿತು. 2023ರ ಮಾರ್ಚ್ 30ರಂದು ವ್ಯಾಟಿಕನ್ ಈ ಸಿದ್ಧಾಂತವನ್ನು ಅಧಿಕೃತವಾಗಿ ತಿರಸ್ಕರಿಸಿ ಹೇಳಿಕೆ ಹೊರಡಿಸಿತು. ಪೋಪ್‌ಗಳ ಆ ಹಳೆಯ ಆಜ್ಞೆಗಳನ್ನು ಚರ್ಚಿನ ಶ್ರದ್ಧೆಯ ಭಾಗವೆಂದು ಎಂದೂ ಪರಿಗಣಿಸಿರಲಿಲ್ಲ ಎಂದು ತಿಳಿಸಿತು. ದಾನಪತ್ರ ಬರೆದು ಆಗ 530 ವರ್ಷ ಆಗಿತ್ತು. ಆ ಹೇಳಿಕೆಯಿಂದ ಯಾರ ಹೆಸರಿಗೂ ಒಂದು ಗುಂಟೆ ಜಮೀನು ವಾಪಸಾಗಲಿಲ್ಲ. 1823ರ ತೀರ್ಪು ಇಂದಿಗೂ ರದ್ದಾಗಿಲ್ಲ.